ತಮ್ಮನ ದೋಣಿಯ ಮೇಷ್ಟ್ರು

ಹಾಲೇಶಪ್ಪ ಮೇಷ್ಟ್ರು ಅಂಗಡಿಗೆ ಬಂದರೆ ಅವರ ಕೈಚೀಲದಿಂದ ಮೊದಲು ಹೊರಗೆ ಬರುತ್ತಿದ್ದದ್ದು ಒಂದು ರಟ್ಟು. ಬಿಸ್ಕತ್ತಿನ ಪೆಟ್ಟಿಗೆಯನ್ನು ಬಿಚ್ಚಿ ಚಪ್ಪಟೆ ಮಾಡಿ ಎಂಜಿನ್ನಿನ ಕೆಳಗೆ ಹಾಸಿದ್ದ ರಟ್ಟು, ಅದರ ಮೇಲೆಲ್ಲ ಎಣ್ಣೆಯ ಕಲೆ. ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಅದನ್ನು ಬಾಗಿಲಿನ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದರು. ಕನ್ನಡಕ ಹಣೆಗೇರುತ್ತಿತ್ತು. "ನೋಡಮ್ಮ ಶೈಲಾ, ಹೋದ ವಾರ ಈ ಮೂಲೇಲಿತ್ತು. ಈಗ ಇಲ್ಲಿ ಬಂದು ಕೂತಿದೆ. ನಾನು ಹಿಡಿಯೋಕೆ ಹೋದ್ರೆ ಜಾಗ ಬದಲಾಯಿಸುತ್ತೆ" ಎಂದು, ತರಗತಿಯಲ್ಲಿ ತಂಟೆ ಮಾಡುವ ಹುಡುಗನ ಮೇಲೆ ದೂರು ಹೇಳುವ ದನಿಯಲ್ಲಿ ಹೇಳುತ್ತಿದ್ದರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಹಣೆಯಲ್ಲಿ ವಿಭೂತಿ. ಉಗುರಿನ ಸಂದಿಯಲ್ಲಿ ಮಾತ್ರ ಯಾವ ಸೋಪಿಗೂ ಜಗ್ಗದ ಕಪ್ಪು.

ನಮ್ಮದು ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿ ಆಯಿಲ್ ಸೀಲ್, ಬೇರಿಂಗ್, ಪ್ಯಾಕಿಂಗ್ ಮಾರುವ ಅಂಗಡಿ. ಅಪ್ಪ ಶುರು ಮಾಡಿದ್ದು. ಅಪ್ಪ ಹೋದ ಮೇಲೆ ಗಲ್ಲಾದಲ್ಲಿ ನಾನು ಕೂತೆ. ಬರುವವರೆಲ್ಲ ಟಿಲ್ಲರ್, ಪಂಪ್‌ಸೆಟ್, ರೈಸ್‌ಮಿಲ್ಲಿನ ಜನ. ಅವರ ನಡುವೆ ಮೇಷ್ಟ್ರು ಮೊದಲ ಸಲ ಬಂದಾಗ, ಕೆಮ್ಮಿಗೆ ಔಷಧಿ ಕೇಳುವ ಹಾಗೆ, ಎಣ್ಣೆ ಸೋರುವುದಕ್ಕೆ ಏನಾದರೂ ಇದೆಯೇ ಎಂದು ಕೇಳಿದರು. ಯಾವ ಗಾಡಿ ಎಂದೆ. ಗಾಡಿಯಲ್ಲ, ಹಾಯಿದೋಣಿ ಎಂದರು. ಪಕ್ಕದಲ್ಲಿದ್ದ ಟ್ರ್ಯಾಕ್ಟರ್ ಮೆಕ್ಯಾನಿಕ್ಕುಗಳು ನಕ್ಕರು. ಹಾಯಿ ಇದ್ದ ಮೇಲೆ ಎಂಜಿನ್ ಯಾಕೆ ಎಂದು ಒಬ್ಬ ಕೆಣಕಿದ. ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಗಾಳಿ ನಿಂತಾಗಲೂ ದಡಕ್ಕೆ ಬರಬೇಕಲ್ಲಪ್ಪ ಎಂದರು.

ದೋಣಿ ಅವರದಲ್ಲ, ತಮ್ಮ ಚಂದ್ರುವಿನದು. ಈ ಕಥೆಯನ್ನು ಅವರು ಒಂದೇ ಸಲಕ್ಕೆ ಹೇಳಿದವರಲ್ಲ. ನಾನು ಕಾರ್ಕ್ ಹಾಳೆಯನ್ನು ಅಳತೆಗೆ ಕತ್ತರಿಸುತ್ತಿರುವಾಗ ಸ್ಟೂಲಿನ ಮೇಲೆ ಕೂತು, ವಾರಕ್ಕಿಷ್ಟು ಎಂಬಂತೆ ಹೇಳಿದರು. ತಂದೆತಾಯಿ ಬೇಗ ಹೋದದ್ದರಿಂದ ಚಂದ್ರುವನ್ನು ಬೆಳೆಸಿದ್ದು ಇವರೇ. ಅದಕ್ಕಾಗಿಯೇ ಮದುವೆಯಾಗಲಿಲ್ಲವೋ, ಆಗಲಿಲ್ಲವೆಂದು ಅದನ್ನೇ ಕಾರಣವಾಗಿ ಹೇಳಿದರೋ ಗೊತ್ತಿಲ್ಲ. ತಾವು ಭದ್ರಾವತಿಯ ಶಾಲೆಯಲ್ಲಿ ಕನ್ನಡ ಕಲಿಸುವ ಮೇಷ್ಟ್ರು; ತಮ್ಮನಿಗೆ ಓದು ಹತ್ತಲಿಲ್ಲ. ಎಸ್ಸೆಸ್ಸೆಲ್ಸಿ ಫೇಲಾದ ದಿನ, ಮನೆಗೆ ಬಂದಿದ್ದ ನೆಂಟರ ಎದುರಿಗೇ, ನೀನು ಇಂಜಿನ್ನಿನ ಕೆಳಗೆ ಮಲಗಿ ಗ್ರೀಸು ಬಳಿದುಕೊಳ್ಳೋಕೇ ಲಾಯಕ್ಕು ಎಂದುಬಿಟ್ಟರು. ಹುಡುಗ ಬಸ್ಸು ಹತ್ತಿ ಕರಾವಳಿಗೆ ಹೋದ. ನಿಜವಾಗಿಯೂ ದೋಣಿಗಳ ಇಂಜಿನ್ನಿನ ಕೆಳಗೇ ಮಲಗಿ, ಗೋವಾದ ಒಂದು ದೋಣಿ ರಿಪೇರಿಯ ಯಾರ್ಡಿನಲ್ಲಿ ಮೇಸ್ತ್ರಿಯಾದ. ಮದುವೆಗೆ ಅಣ್ಣನನ್ನು ಕರೆದ, ಅಷ್ಟೇ. ಹಬ್ಬಕ್ಕೊಂದು ಫೋನು. ಫೋನಿನಲ್ಲಿ ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತಿದ್ದರಂತೆ.

ಆ ಯಾರ್ಡು ಮುಚ್ಚಿದಾಗ ಚಂದ್ರು ಹೆಂಡತಿ ಗಿರಿಜಳ ಜೊತೆ ಊರಿಗೆ ಬಂದ. ಯಾರೋ ಬಿಟ್ಟುಹೋದ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಲಾರಿಯ ಮೇಲೆ ಹೇರಿಕೊಂಡು ಘಟ್ಟ ಹತ್ತಿಸಿದ್ದ. ಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಅದನ್ನು ಇಳಿಸಿ, ಡ್ಯಾಮು ನೋಡಲು ಬಂದವರನ್ನು ಕೂರಿಸಿಕೊಂಡು ಹೋಗುವ ಯೋಚನೆ. ಕುಡಿಯುವ ನೀರು, ಗದ್ದೆಗೆ ಹೋಗುವ ನೀರು. ಎಣ್ಣೆಯ ಒಂದು ತೊಟ್ಟು ಬಿದ್ದರೂ ಪರ್ಮಿಷನ್ ಸಿಕ್ಕುವುದಿಲ್ಲ, ಮೊದಲು ಸೋರುವುದನ್ನು ನಿಲ್ಲಿಸಬೇಕು ಎಂದು ಚಂದ್ರು ಅಣ್ಣನಿಗೆ ಹೇಳಿದ್ದ. ಅಣ್ಣ ತಮ್ಮ ಎದುರುಬದುರು ಕೂತು ಬಾಯಿತುಂಬ ಮಾತಾಡಿದ್ದು ಆ ದೋಣಿಯ ಬಗ್ಗೆಯೇ, ಅದೂ ಕೆಲವೇ ತಿಂಗಳು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಚಂದ್ರು ಬಚ್ಚಲಿನಲ್ಲಿ ಬಿದ್ದ. ಲಕ್ವ. ಕೈಕಾಲು ಹೋಯಿತು, ಮಾತು ಹೋಯಿತು. ಉಳಿದದ್ದು ಕಣ್ಣು ಮತ್ತು ಕಿವಿ. ಅವನಿಗೆ ಎಲ್ಲವೂ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಏನಾದರೂ ಕೇಳಿದರೆ ಹೌದು ಎನ್ನುವುದಕ್ಕೆ ಕಣ್ಣು ಮುಚ್ಚುತ್ತಿದ್ದ. ಇಲ್ಲ ಎನ್ನುವುದಾದರೆ ಸುಮ್ಮನೆ ನೋಡುತ್ತಿದ್ದ.

ಅಷ್ಟರಲ್ಲಿ ರಿಟೈರಾಗಿದ್ದ ಮೇಷ್ಟ್ರು ತಾವಿದ್ದ ಬಾಡಿಗೆ ಮನೆ ಬಿಟ್ಟು ಹಳೇನಗರದ ತಮ್ಮನ ಮನೆಗೇ ಬಂದು ನಿಂತರು. ತಮ್ಮನನ್ನು ಮಗ್ಗುಲು ಬದಲಾಯಿಸುವುದು, ಮೈ ಒರೆಸುವುದು, ನಳಿಗೆಯಲ್ಲಿ ಗಂಜಿ ಹಾಕುವುದು ಎಲ್ಲ ಕಲಿತರು. ಮಿಕ್ಕ ಹೊತ್ತಿಗೆ ದೋಣಿ. ಮೊದಲು ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿ ಸೋರುವುದಕ್ಕೆ ರಿಪೇರಿ ಮಾಡಿಸಿದ್ದರು. ಕೆಲಸ ಮುಗಿದ ಮೇಲೆ ಒಳಗೆ ಹೋಗಿ, ಸರಿಯಾಯ್ತೇನೋ ಎಂದು ಕೇಳಿದರೆ ಚಂದ್ರು ಕಣ್ಣು ಮುಚ್ಚಲಿಲ್ಲ. ಇನ್ನೊಬ್ಬನನ್ನು ಕರೆಸಿದರು. ಆಗಲೂ ಚಂದ್ರು ಸುಮ್ಮನೆ ನೋಡಿದ. "ಅವನಿಗೆ ಬೇರೆಯವರ ಕೆಲಸ ಒಪ್ಪಿಗೆ ಆಗ್ತಿಲ್ಲಮ್ಮ. ಶಬ್ದದಲ್ಲೇ ಅವನಿಗೆ ಗೊತ್ತಾಗುತ್ತೆ" ಎಂದು ನನಗೆ ಹೇಳಿದರು. ಹಾಗಾಗಿ ಸ್ಪ್ಯಾನರ್ ಅನ್ನು ತಾವೇ ಕೈಗೆ ತೆಗೆದುಕೊಂಡರು. ಅಲ್ಲಿಯವರೆಗೆ ಅವರು ಸೈಕಲ್ಲಿನ ಪಂಕ್ಚರ್ ಕೂಡ ಹಾಕಿದವರಲ್ಲ.

ಅವರು ಕಲಿತ ರೀತಿ ಮಾತ್ರ ಪಕ್ಕಾ ಮೇಷ್ಟ್ರದು. ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಮೇಲೆ ಮುಖಕ್ಕೆ ಹಾಕುವ ಪೌಡರ್ ಉದುರಿಸುತ್ತಿದ್ದರು. ಸ್ವಲ್ಪ ಹೊತ್ತು ಓಡಿಸಿದರೆ, ಎಣ್ಣೆ ಹೊರಟ ಜಾಗದಲ್ಲಿ ಪೌಡರ್ ಒದ್ದೆಯಾಗಿ ಗೆರೆ ಬೀಳುತ್ತದೆ. ಈ ಉಪಾಯ ಹೇಳಿಕೊಟ್ಟವಳು ನಾನೇ. ನಾನು ಹೇಳಿದ್ದು ಒಂದು ಚಿಟಿಕೆ ಪೌಡರ್, ಅವರು ಡಬ್ಬವನ್ನೇ ಸುರಿದಿದ್ದರು. ಎಂಜಿನ್ ಶುರುವಾದಾಗ ಫ್ಯಾನ್‌ಬೆಲ್ಟಿನ ಗಾಳಿಗೆ ಅಷ್ಟೂ ಮುಖಕ್ಕೆ ಹಾರಿ, ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುತ್ತಾ ಅರ್ಧಕ್ಕೆ ಎದ್ದು ಬಂದವರ ಹಾಗೆ ಆದೆ ಎಂದು ಹೇಳಿ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಆಗೊಮ್ಮೆ ಈಗೊಮ್ಮೆ.

ಮೊದಲು ಮೇಲಿನ ಮುಚ್ಚಳದ ಪ್ಯಾಕಿಂಗ್ ಹಾಕಿದರು. ಸೋರುವುದು ನಿಂತಿತು, ಆಮೇಲೆ ಕೆಳಗೆ ಫಿಲ್ಟರಿನ ಹತ್ತಿರ ಕಾಣಿಸಿತು. ಅಲ್ಲಿ ರಬ್ಬರ್ ರಿಂಗು ಬದಲಾಯಿಸಿದರು. ಆಮೇಲೆ ಎಣ್ಣೆಯ ಒತ್ತಡ ತೋರಿಸುವ ಸ್ವಿಚ್ಚಿನ ಬುಡದಲ್ಲಿ. ಒಂದೊಂದು ಸಲವೂ ಒಳಗೆ ಹೋಗಿ, ಈಗ ಸರಿಯಾಯ್ತಾ ಎಂದು ಕೇಳುವುದು. ಚಂದ್ರು ನೋಡುತ್ತಾ ಇರುವುದು. ಮರುದಿನ ಮೇಷ್ಟ್ರು ಮತ್ತೆ ಬಸ್ಸು ಹತ್ತಿ ಅಂಗಡಿಗೆ ಬರುವುದು. ಎಂಜಿನ್ ಹಳೆಯದು ಮೇಷ್ಟ್ರೇ, ಸ್ವಲ್ಪ ಸೋರಿದರೆ ಕೆಳಗೊಂದು ತಟ್ಟೆ ಇಡಿ, ಎಲ್ಲರೂ ಹಾಗೇ ಮಾಡುವುದು ಎಂದು ನಾನು ಹೇಳಿ ನೋಡಿದೆ. ಅವರು ತಲೆ ಆಡಿಸಿದರು. "ನಮ್ಮ ಹುಡುಗ ಒಂದು ಕೆಲಸ ಹೇಳಿದಾನೆ ಮಾರಾಯ್ತಿ. ಜೀವಮಾನದಲ್ಲಿ ಅವನು ನನ್ನನ್ನ ಕೇಳಿದ್ದು ಇದೊಂದೇ."

ಮುಂದಿನ ಪುಲ್ಲಿಯ ಹಿಂದಿರುವ ಸೀಲಿನ ಅಳತೆ ಅವರಿಗೆ ಸಿಕ್ಕಲಿಲ್ಲ. ತಂದ ಸೀಲುಗಳು ಕೂರುತ್ತಿರಲಿಲ್ಲ. ನನ್ನ ತಂಗಿಯ ಮನೆ ಭದ್ರಾವತಿಯ ನ್ಯೂಟೌನಿನಲ್ಲಿದೆ. ಒಂದು ಭಾನುವಾರ ಅಲ್ಲಿಗೆ ಹೋದವಳು ಅಳತೆಯ ವರ್ನಿಯರ್ ಹಿಡಿದುಕೊಂಡು ಮೇಷ್ಟ್ರ ಮನೆಗೂ ಹೋದೆ. ಓಣಿಯ ಕೊನೆಯಲ್ಲಿ ಹಂಚಿನ ಮನೆ. ಅದರ ಪಕ್ಕದ ಖಾಲಿ ಜಾಗದಲ್ಲಿ, ಮರದ ದಿಮ್ಮಿಗಳ ಆಸರೆಯಲ್ಲಿ ದೋಣಿ ನಿಂತಿತ್ತು. ಮಾಸಿದ ಸುಣ್ಣದಂಥ ಬಿಳುಪು. ಹಾಯಿಯ ಕಂಬವನ್ನು ಬಿಚ್ಚಿ ಗೋಡೆಯುದ್ದಕ್ಕೂ ಮಲಗಿಸಿದ್ದರು, ಅದರ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ದೋಣಿಯ ಮೂತಿ ಸರಿಯಾಗಿ ಒಂದು ಕಿಟಕಿಗೆ ಎದುರಾಗಿತ್ತು. ಕಿಟಕಿಯ ಒಳಗೆ ಮಂಚ, ಮಂಚದ ಮೇಲೆ ಚಂದ್ರು.

ನನಗಿಂತ ಸ್ವಲ್ಪ ದೊಡ್ಡವನಿರಬೇಕು. ಯಾರೋ ನೀಟಾಗಿ ಬೈತಲೆ ತೆಗೆದು ಬಾಚಿದ್ದರು. ಅಂಗಡಿಯ ಶೈಲಮ್ಮ ಬಂದಿದಾರೆ ಕಣೋ ಎಂದು ಮೇಷ್ಟ್ರು ಹೇಳಿದಾಗ ಕಣ್ಣು ಮುಚ್ಚಿ ತೆರೆದ. ಅವನು ನನ್ನನ್ನು ನೋಡಿದ ರೀತಿ, ಅಷ್ಟು ದಿನ ಮನೆಗೆ ಬಂದ ಎಲ್ಲ ಪೊಟ್ಟಣಗಳ ಮೇಲಿನ ನನ್ನ ಕೈಬರಹ ಪರಿಚಯವಿದ್ದವನ ಹಾಗಿತ್ತು.

ದೋಣಿಯ ಒಳಗೆ, ಮೆಟ್ಟಿಲಿನ ಹಿಂದಿನ ಗೂಡಿನಲ್ಲಿ ಎಂಜಿನ್. ಒಬ್ಬರು ಮಂಡಿಯೂರಿ ಕೂತರೆ ಮುಗಿಯಿತು. ನಾನು ಅಳತೆ ತೆಗೆದುಕೊಂಡೆ. ಮೇಷ್ಟ್ರಿಗೆ ಓಡಿಸಿ ತೋರಿಸುವ ಹುಮ್ಮಸ್ಸು. ಎಂಜಿನ್ನನ್ನು ತಣ್ಣಗಿಡುವ ನೀರಿಗಾಗಿ ಪೈಪಿನ ತುದಿಯನ್ನು ಒಂದು ಡ್ರಮ್ಮಿನಲ್ಲಿ ಮುಳುಗಿಸಿ ಚಾಲೂ ಮಾಡಿದರು. ಎರಡು ಸಿಲಿಂಡರಿನ ಸಣ್ಣ ಎಂಜಿನ್ ಆದರೂ ಆ ಇಕ್ಕಟ್ಟಿನ ಜಾಗದಲ್ಲಿ ಮನೆಯ ಹಂಚು ನಡುಗುವಷ್ಟು ಸದ್ದು. ನಾನು ಹೊಗೆ ತಡೆಯಲಾರದೆ ಇಳಿದು ಮನೆಯೊಳಗೆ ಹೋದೆ.

ಕಿಟಕಿಯ ಪಕ್ಕದಲ್ಲಿ ಗಿರಿಜ ನಿಂತಿದ್ದಳು, ಕೈಯಲ್ಲಿ ಒಂದು ಮೆತ್ತನೆ ಬಟ್ಟೆ. ಚಂದ್ರುವಿನ ಕಣ್ಣಿಂದ ನೀರು ಕಿವಿಯವರೆಗೆ ಇಳಿಯುತ್ತಿತ್ತು. ಅವಳು ಒರೆಸುತ್ತಿದ್ದಳು, ಅದು ಮತ್ತೆ ಬರುತ್ತಿತ್ತು. ಹೊಗೆಯಿಂದಲಾ ಎಂದು ಕೇಳಿದೆ. ಅವಳು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಕಾಫಿಗೆ ನೀರಿಟ್ಟು, ಬೆನ್ನು ತಿರುಗಿಸಿಕೊಂಡೇ ಹೇಳಿದಳು. ಎಂಜಿನ್ ಶುರುವಾದಾಗಿನಿಂದ ನಿಲ್ಲುವವರೆಗೂ ಹೀಗೇ. ಮೊದಲು ಅವಳೂ ಹೊಗೆಯೆಂದೇ ಕಿಟಕಿ ಮುಚ್ಚಿ ನೋಡಿದ್ದಳು. ಭಾವನಿಗೆ ಮಾತ್ರ ಅದು ತಮ್ಮನ ಖುಷಿಯ ಕಣ್ಣೀರು.

"ಅವರಿಗೆ ಆ ಶಬ್ದ ಕೇಳಿ ತಡ್ಕೊಳ್ಳೋಕೆ ಆಗಲ್ಲ ಅಕ್ಕ. ಅದನ್ನ ಬಿಚ್ಚಿ ಕಟ್ಟಿದ ಕೈ ಅವರದ್ದು. ಮಲಕ್ಕೊಂಡು ಕೇಳ್ಬೇಕಲ್ಲ."

ಮೇಷ್ಟ್ರಿಗೆ ಹೇಳಬಾರದೇ ಎಂದೆ. ಗಿರಿಜ ಒಲೆ ಸಣ್ಣ ಮಾಡಿದಳು. "ನಾನು ಇವರನ್ನೇ ಕೇಳ್ದೆ. ಭಾವಂಗೆ ಹೇಳ್ಲಾ, ನಿಲ್ಲಿಸಿ ಅಂತ ಹೇಳ್ಲಾ ಅಂತ. ಕಣ್ಣು ಮುಚ್ಚಲಿಲ್ಲ. ಎಷ್ಟು ಸಲ ಕೇಳಿದ್ರೂ ಮುಚ್ಚಲಿಲ್ಲ. ಭಾವಂಗೆ ಬೇರೆ ಏನಿದೆ ಅಂತ ಇವರಿಗೂ ಗೊತ್ತಲ್ಲ."

ಹೊರಗೆ ಎಂಜಿನ್ ನಿಂತಿತು. ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ ಬಂದು, ಸದ್ದು ಹೇಗಿತ್ತೋ ಎಂದು ತಮ್ಮನನ್ನು ಕೇಳುತ್ತಿದ್ದದ್ದು ನಮಗೆ ಕೇಳಿಸಿತು. ನಾನು ಕಾಫಿ ಕುಡಿದು ಬಸ್ಸು ಹತ್ತಿದೆ. ಚಂದ್ರುವೇ ಬೇಡ ಎಂದ ಮೇಲೆ ಹೇಳುವ ಅಧಿಕಾರ ನನಗೆಲ್ಲಿಂದ ಬರಬೇಕು? ಮರುವಾರ ಆ ಅಳತೆಯ ಸೀಲು ತರಿಸಿಕೊಟ್ಟೆ.

ಅದೂ ಹಿಡಿಯಿತು. ಕೊನೆಗೆ ಉಳಿದದ್ದು ಹಿಂದಿನ ದೊಡ್ಡ ಸೀಲು. ಅದನ್ನು ಬದಲಾಯಿಸಲು ಇಡೀ ಎಂಜಿನ್ ಹೊರಗೆ ತೆಗೆಯಬೇಕು. ಹಾಗೆಂದರೆ ಮೇಷ್ಟ್ರು ಕೈಬಿಡುತ್ತಾರೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವರು ಕೈಬಿಡಲಿಲ್ಲ. ಟಿಲ್ಲರ್ ರಿಪೇರಿಯ ಪಳನಿ ಎಂಬವನನ್ನು ಒಪ್ಪಿಸಿ, ಬಿದಿರಿನ ಮುಕ್ಕಾಲಿ ಕಟ್ಟಿ, ಚೈನ್‌ಬ್ಲಾಕಿನಲ್ಲಿ ಎಂಜಿನ್ನನ್ನು ಎತ್ತಿಸಿದರು. ಎಷ್ಟೋ ದಿನ ಅದು ಅಂಗಳದಲ್ಲಿ ಗೋಣಿಚೀಲದ ಮೇಲೆ ಕೂತಿತ್ತು. ಆ ದಿನಗಳಲ್ಲಿ ಚಂದ್ರು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆ ಎಂದು ಮೇಷ್ಟ್ರು ಅಂಗಡಿಯಲ್ಲಿ ಸಂಭ್ರಮದಿಂದ ಹೇಳಿದರು. ಕೆಲಸ ಮುಗಿಯುವ ಕಾಲ ಬಂತೆಂದು ಅವನಿಗೆ ಸಮಾಧಾನವಾಗಿದೆ ಎಂಬುದು ಅವರ ವಿವರಣೆ. ನಾನು ಸೀಲನ್ನು ಕಾಗದದಲ್ಲಿ ಸುತ್ತುತ್ತಾ ತಲೆ ಎತ್ತದೆ ಹೂಂ ಎಂದೆ.

ಎಂಜಿನ್ ಮತ್ತೆ ಕೂರಿಸಿದ ದಿನ ನಾನು ಬರಲೇಬೇಕೆಂದು ಹಟ ಹಿಡಿದರು. ಹೋದೆ. ಪಳನಿ ಬೋಲ್ಟು ಬಿಗಿದು ಹೊರಟುಹೋಗಿದ್ದ. ಮೇಷ್ಟ್ರು ಹೊಸ ರಟ್ಟು ಹಾಸಿ, ಡ್ರಮ್ಮು ತುಂಬಿಸಿ, ಎಂಜಿನ್ ಓಡಿಸಿದರು. ಹಿಂದೆಂದಿಗಿಂತಲೂ ಹೆಚ್ಚು ಹೊತ್ತು ಓಡಿಸಿದರು. ನಾನು ಮತ್ತು ಗಿರಿಜ ಮಂಚದ ಪಕ್ಕ ನಿಂತಿದ್ದೆವು. ಅವಳ ಕೈಯ ಬಟ್ಟೆ ತೊಯ್ದು ಹೋಯಿತು. ಎಂಜಿನ್ ನಿಂತ ಮೇಲೆ, ಬಹಳ ಹೊತ್ತಿನ ನಂತರ, ಮೇಷ್ಟ್ರು ರಟ್ಟು ಹಿಡಿದುಕೊಂಡು ಒಳಗೆ ಬಂದರು. ಅದರ ಮೇಲೆ ಏನೂ ಇರಲಿಲ್ಲ. ಬಿಸ್ಕತ್ತಿನ ಹೆಸರು ಮಾತ್ರ.

"ನೋಡೋ ಚಂದ್ರು. ಒಂದು ತೊಟ್ಟಿಲ್ಲ. ಮುಟ್ಟಿ ನೋಡು ಅಂದ್ರೆ ನಿನಗೆ ಆಗಲ್ಲ, ತಗೋ" ಎಂದು ತಮ್ಮನ ಬೆರಳನ್ನು ತಾವೇ ಎತ್ತಿ ರಟ್ಟಿನ ಮೇಲೆ ಆಡಿಸಿದರು. "ಈಗ ಸರಿಯಾಯ್ತಾ?"

ಚಂದ್ರು ಅವರನ್ನೇ ನೋಡುತ್ತಿದ್ದ.

ಇನ್ನೂ ಎಲ್ಲಾದರೂ ಸೋರುತ್ತಿದೆಯಾ ಎಂದು ಕೇಳಿದರು. ಕಣ್ಣು ಮುಚ್ಚಲಿಲ್ಲ. ಶಬ್ದದಲ್ಲಿ ಏನಾದರೂ ಕೆಟ್ಟಿದೆಯಾ ಎಂದರು. ಮುಚ್ಚಲಿಲ್ಲ. ಸೋರುತ್ತಿಲ್ಲ, ಶಬ್ದ ಕೆಟ್ಟಿಲ್ಲ, ಆದರೂ ಸರಿಯಿಲ್ಲ. ನಲವತ್ತು ಮಕ್ಕಳ ಮುಂದೆ ಲೆಕ್ಕ ತಪ್ಪಿದ ಮೇಷ್ಟ್ರ ಹಾಗೆ ಅವರು ರಟ್ಟನ್ನು ಒಮ್ಮೆ, ತಮ್ಮನನ್ನು ಒಮ್ಮೆ ನೋಡಿದರು. ಆಮೇಲೆ ಅವರ ಕಣ್ಣು ಗಿರಿಜಳ ಕೈಯಲ್ಲಿದ್ದ ಒದ್ದೆ ಬಟ್ಟೆಯ ಮೇಲೆ ಬಿತ್ತು. ಅದನ್ನೇ ನೋಡುತ್ತಾ ನಿಂತರು. ಮಂಚದ ಅಂಚಿನಲ್ಲಿ ಕೂತು, ತೀರ ಸಣ್ಣ ದನಿಯಲ್ಲಿ ಕೇಳಿದರು.

"ಬೇಡ್ವೇನೋ?"

ಚಂದ್ರು ಕಣ್ಣು ಮುಚ್ಚಿದ. ಯಾವಾಗಲೂ ಮುಚ್ಚಿ ತೆರೆಯುತ್ತಿದ್ದವನು ಅವತ್ತು ಮುಚ್ಚಿಕೊಂಡೇ ಇದ್ದ.

ತೆರೆದ ಮೇಲೆ ಮೇಷ್ಟ್ರು, ಮೊದಲಿನಿಂದಲೂ ಬೇಡವಾಗಿತ್ತಾ ಎಂದು ಕೇಳಿದರು. ಮತ್ತೆ ಮುಚ್ಚಿದ. ಮೇಷ್ಟ್ರಿಗೆ ಅಳು ಬರಲಿಲ್ಲ. ಪ್ರಶ್ನೆ ಕೇಳುವುದು ಒಂದೇ ಗೊತ್ತಿದ್ದ ಮನುಷ್ಯ; ಕೇಳಬೇಕಾದದ್ದು ಯಾವುದೆಂದು ಈಗ ತಿಳಿದವರ ಹಾಗೆ ಮುಂದಕ್ಕೆ ಬಾಗಿ, ತಮ್ಮನ ಬಡಕಲು ಎದೆಯ ಮೇಲೆ ಕೈಯಿಟ್ಟು, ಮತ್ತೊಂದು ಕೇಳಿದರು.

"ಇದೂ ಬೇಡ್ವಾ ಚಂದ್ರು? ಹೀಗೆ ಇರೋದು?"

"ಭಾವ, ಸಾಕು" ಎಂದ ಗಿರಿಜ, ಅವರ ಮಾತು ಮುಗಿಯುವ ಮೊದಲೇ ತನ್ನ ಅಂಗೈಯನ್ನು ಗಂಡನ ಕಣ್ಣಿನ ಮೇಲೆ ಅಡ್ಡ ಇಟ್ಟಳು. ಒತ್ತಲಿಲ್ಲ, ಮಗುವಿಗೆ ಬಿಸಿಲು ತಾಗದ ಹಾಗೆ ಇಡುತ್ತಾರಲ್ಲ, ಹಾಗೆ. ಅಂಗೈಯ ಕೆಳಗೆ ಅವನ ರೆಪ್ಪೆ ಮುಚ್ಚಿತೋ, ತೆರೆದೇ ಇತ್ತೋ ನಮಗೆ ಕಾಣಲಿಲ್ಲ. ಅವಳಿಗೆ ತಿಳಿದಿರಬೇಕು. ಅವಳು ಗೋಡೆಯ ಕಡೆ ಮುಖ ಮಾಡಿ, ಬಹಳ ಹೊತ್ತು ಕೈ ತೆಗೆಯದೆ ನಿಂತಿದ್ದಳು.

ಮೇಷ್ಟ್ರು ಎದ್ದು ಹೊರಗೆ ಹೋಗಿ ಡ್ರಮ್ಮನ್ನು ಉರುಳಿಸಿ ನೀರು ಚೆಲ್ಲಿದರು. ನಾನು ಹೊರಟಾಗ ಅಂಗಳದ ಕೆಸರಿನಲ್ಲಿ ನಿಂತು ಕೈಗೆ ಸೋಪು ಹಚ್ಚುತ್ತಿದ್ದರು. ನಾನು ಬರ್ತೀನಿ ಎಂದದ್ದು ಅವರಿಗೆ ಕೇಳಿಸಲಿಲ್ಲ.

ಆಮೇಲೆ ಅವರು ಅಂಗಡಿಗೆ ಬರಲಿಲ್ಲ. ಎಂಜಿನ್ನನ್ನು ಪಳನಿಯೇ ಬಿಚ್ಚಿಕೊಂಡು ಹೋದನೆಂದು, ದೋಣಿ ಹಾಗೇ ನಿಂತಿದೆಯೆಂದು ತಂಗಿ ಹೇಳಿದಳು. ಮಳೆಗಾಲದಲ್ಲಿ ಚಂದ್ರುವಿಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಿಂದ ಮನೆಗೆ ತಂದ ಕೆಲವೇ ದಿನಕ್ಕೆ ಹೋದ. ಮಣ್ಣಿಗೆ ನಾನೂ ಹೋಗಿದ್ದೆ. ಮೇಷ್ಟ್ರು ಬಂದವರಿಗೆಲ್ಲ ಕುರ್ಚಿ ಎಳೆದು ಹಾಕುತ್ತಿದ್ದರು. ಕುರ್ಚಿ ಮುಗಿದ ಮೇಲೆ ಖಾಲಿ ಇದ್ದವನ್ನೇ ಅಲ್ಲಿಂದ ಇಲ್ಲಿಗೆ ಎತ್ತಿ ಇಡುತ್ತಿದ್ದರು. ಗಿರಿಜ ಹೊಳೆಹೊನ್ನೂರಿನ ಅಕ್ಕನ ಮನೆಗೆ ಹೋದಳು. ಮನೆಯಲ್ಲಿ ಅವರೊಬ್ಬರೇ ಉಳಿದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ. ಗುರುತೇ ಸಿಕ್ಕಲಿಲ್ಲ. ಅಂಗಿ ಇಸ್ತ್ರಿ ಕಂಡಿರಲಿಲ್ಲ, ಗಡ್ಡ ಬೆಳೆದಿತ್ತು. ನಾನೇ ಹತ್ತಿರ ಹೋಗಿ ಮಾತಾಡಿಸಿದೆ. ಕಣ್ಣಿಗೆ ಏನೋ ತೋರಿಸಲು ಬಂದಿದ್ದರಂತೆ. ಕಾಫಿ ಕುಡಿಯೋಣ ಎಂದರೆ ಬೇಡವೆಂದರು. ಭದ್ರಾವತಿಯ ಬಸ್ಸುಗಳನ್ನು ನೋಡುತ್ತಾ, ಅವತ್ತಿನ ವಿಷಯ ಗಿರಿಜ ನಿನ್ನ ಹತ್ತಿರ ಏನಾದರೂ ಹೇಳಿದಳಾ ಎಂದು ಕೇಳಿದರು. ಯಾವ ವಿಷಯ ಎಂದು ನಾನು ಕೇಳಬೇಕಾಗಲಿಲ್ಲ; ಅವಳ ಅಂಗೈಯ ಕೆಳಗೆ ಚಂದ್ರು ಕಣ್ಣು ಮುಚ್ಚಿದ್ದನೋ ಇಲ್ಲವೋ ಎಂಬುದೇ. ಇಲ್ಲ ಎಂದೆ. ಅದು ನಿಜ, ಅವಳು ನನಗೂ ಹೇಳಿರಲಿಲ್ಲ.

ತಾವು ಹೊಳೆಹೊನ್ನೂರಿಗೆ ಹೋಗಿದ್ದಾಗಿ ಹೇಳಿದರು. ಕೇಳಲೆಂದೇ ಹೋದದ್ದು. ಗಿರಿಜ ಉಪ್ಪಿಟ್ಟು ಮಾಡಿ ಬಡಿಸಿದಳು, ಹೊಲಿಗೆ ಕಲಿಯುತ್ತಿದ್ದೇನೆಂದು ಹೇಳಿದಳು, ಬಸ್ಸಿನವರೆಗೆ ಬಂದು ಕಳಿಸಿದಳು.

"ಕೇಳಿದ್ರಾ ಮೇಷ್ಟ್ರೇ?" ಎಂದೆ.

"ಇಲ್ಲಮ್ಮ. ಹೌದು ಅಂದಿದ್ದ ಅಂತ ಅವಳು ಹೇಳಿದ್ರೆ, ಅಷ್ಟು ದಿನ ನಾನು ಅವನಿಗೆ ಗಂಜಿ ಹಾಕಿದ್ದು ಏನಾಯ್ತು? ಇಲ್ಲ, ಬದುಕ್ಬೇಕು ಅಂತಲೇ ಇದ್ದ ಅಂತ ಹೇಳಿದ್ರೆ..." ಎಂದು ನಿಲ್ಲಿಸಿದರು. ಬಸ್ಸು ಬಂದು ನಿಂತಿತ್ತು. "ಅದು ಇನ್ನೂ ಕಷ್ಟ ಅಲ್ವಾ."

ಜನ ನುಗ್ಗುತ್ತಿದ್ದರು. ನಾನು ಅವರ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಒಳಗೆ ಸೀಟು ಸಿಕ್ಕಿತೋ ಇಲ್ಲವೋ, ಕಿಟಕಿಗಳಲ್ಲಿ ಹುಡುಕಿದೆ, ಕಾಣಲಿಲ್ಲ. ಮುಂದಿನ ಬೇಸಿಗೆಯಲ್ಲಿ ತಂಗಿ ಫೋನು ಮಾಡಿ ಅವರು ಹೋದ ಸುದ್ದಿ ಹೇಳಿದಳು. ಬಾಗಿಲು ತೆರೆಯದ್ದನ್ನು ನೋಡಿ ಅಕ್ಕಪಕ್ಕದವರು ಕರೆದರಂತೆ, ಒಳಗಿನಿಂದ ಯಾರೂ ಓಗೊಡಲಿಲ್ಲವಂತೆ.